ಹೆಂಗಸರ ಸಣ್ಣ ಬಿಸಿನೆಸ್‌ಗೆ ಮೈಕ್ರೋಲೋನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಕ್ರೋಫೈನಾನ್ಸ್ ವಿಷಯ ಎತ್ತಿದ್ರೆ ಸಾಕು, ಒಬ್ರು ಇದೇ ಬಡತನಕ್ಕೆ ಮದ್ದು ಅಂತಾರೆ, ಇನ್ನೊಬ್ರು ಇದು ಬಡವರ ರಕ್ತ ಹೀರೋ ದಂಧೆ ಅಂತಾರೆ. ಹೆಂಗಸರ ಸಾಲದ ಗುಂಪುಗಳ ಲೆಕ್ಕದ ಪುಸ್ತಕ ನೋಡ್ಕೊಂಡು ಬಂದಿರೋ ನನಗೆ ಎರಡೂ ಅರ್ಧಂಬರ್ಧ ಅನ್ಸುತ್ತೆ. ಜನ ನನ್ನನ್ನ ಮತ್ತೆ ಮತ್ತೆ ಕೇಳೋ ಪ್ರಶ್ನೆಗಳನ್ನ ಒಟ್ಟು ಮಾಡಿ ಇಲ್ಲಿ ಉತ್ತರ ಬರೆದಿದೀನಿ, ಕೆಲವಕ್ಕೆ ಉದ್ದದ ಉತ್ತರ ಬೇಕು, ಕೆಲವಕ್ಕೆ ಎರಡು ಸಾಲು ಸಾಕು.

ಮೈಕ್ರೋಲೋನ್ ಅಂದ್ರೆ ನಿಖರವಾಗಿ ಏನು?

ಅಡಮಾನ ಇಡೋಕೆ ಏನೂ ಇಲ್ಲದೋರಿಗೆ ಕೊಡೋ ಚಿಕ್ಕ ಸಾಲ, ಚಿಕ್ಕ ಚಿಕ್ಕ ಕಂತಲ್ಲಿ, ವಾರಕ್ಕೋ ತಿಂಗಳಿಗೋ ವಾಪಸ್ ಕಟ್ಟೋದು, ಸಾಮಾನ್ಯವಾಗಿ ಒಂದು ವರ್ಷದೊಳಗೆ ಮುಗಿಯುತ್ತೆ. ಮೊದಲನೇದು ಸರಿಯಾಗಿ ಕಟ್ಟಿದ್ರೆ ಎರಡನೇದು ಸ್ವಲ್ಪ ದೊಡ್ಡದು ಸಿಗುತ್ತೆ. ಮೈಕ್ರೋಫೈನಾನ್ಸ್ ಅನ್ನೋದು ಇದಕ್ಕಿಂತ ದೊಡ್ಡ ಪದ, ಅದರಲ್ಲಿ ಉಳಿತಾಯ, ವಿಮೆ, ಹಣ ಕಳಿಸೋದು ಎಲ್ಲ ಸೇರುತ್ತೆ.

ಮಾಮೂಲಿ ಬ್ಯಾಂಕ್‌ಗಳೇ ಈ ಸಾಲ ಯಾಕೆ ಕೊಡಲ್ಲ?

ಹತ್ತು ಸಾವಿರದ ಸಾಲಕ್ಕೂ ಹತ್ತು ಲಕ್ಷದ ಸಾಲಕ್ಕೂ ಬ್ಯಾಂಕಿಗೆ ಕೆಲಸ ಹೆಚ್ಚುಕಮ್ಮಿ ಒಂದೇ, ಅರ್ಜಿ ನೋಡ್ಬೇಕು, ಮನೆ ನೋಡ್ಬೇಕು, ಕಂತು ವಸೂಲಿ ಮಾಡ್ಬೇಕು, ಆದ್ರೆ ಬರೋ ಬಡ್ಡಿ ನೂರರಲ್ಲಿ ಒಂದು ಪಾಲು. ಜೊತೆಗೆ ಆಸ್ತಿ ಪತ್ರ ಕೇಳ್ತಾರೆ, ಬಹಳಷ್ಟು ದೇಶಗಳಲ್ಲಿ ಜಮೀನು ಮನೆ ಎಲ್ಲ ಗಂಡನ ಹೆಸರಲ್ಲೋ ಮಾವನ ಹೆಸರಲ್ಲೋ ಇರುತ್ತೆ. ಇಪ್ಪತ್ತು ವರ್ಷ ವ್ಯಾಪಾರ ಮಾಡಿ ಪೈಸೆ ಪೈಸೆ ಲೆಕ್ಕ ಗೊತ್ತಿರೋ ಹೆಂಗಸು ಕೂಡ ಬ್ಯಾಂಕಿನ ಕಣ್ಣಿಗೆ ಏನೂ ಇಲ್ಲದೋಳು.

ಹಂಗಂತ ಅವಳು ಸಾಲವೇ ಮಾಡಲ್ಲ ಅಂತಲ್ಲ. ಮೀಟರ್ ಬಡ್ಡಿಗೆ ತಗೋತಾಳೆ. ಫಿಲಿಪೀನ್ಸ್‌ನಲ್ಲಿ ಬೀದಿ ಲೇವಾದೇವಿಗೆ ‘ಐದು-ಆರು’ ಅಂತಲೇ ಹೆಸರು, ಐದು ತಗೊಂಡ್ರೆ ಆರು ಕೊಡ್ಬೇಕು, ಅದೂ ಕೆಲವೇ ವಾರದಲ್ಲಿ. ಮೈಕ್ರೋಲೋನ್ ಒಳ್ಳೇದೋ ಕೆಟ್ಟದ್ದೋ ಅಂತ ಅಳೆಯುವಾಗ ಬ್ಯಾಂಕಿನ ಗೃಹಸಾಲದ ಜೊತೆ ಹೋಲಿಸಬಾರದು, ಇದರ ಜೊತೆ ಹೋಲಿಸ್ಬೇಕು.

ಇದು ಶುರುವಾಗಿದ್ದು ಎಲ್ಲಿ?

ಎಲ್ಲರೂ ಹೇಳೋ ಕಥೆ ಬಾಂಗ್ಲಾದೇಶದ್ದು. ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಹೇಳ್ಕೊಡ್ತಿದ್ದ ಮುಹಮ್ಮದ್ ಯೂನುಸ್ 1976ರಲ್ಲಿ ಪಕ್ಕದ ಜೋಬ್ರಾ ಹಳ್ಳಿಗೆ ಹೋದಾಗ ಬಿದಿರಿನ ಸ್ಟೂಲ್ ಹೆಣೀತಿದ್ದ ಒಬ್ಬ ಹೆಂಗಸನ್ನ ಮಾತಾಡಿಸಿದ್ರು. ಬಿದಿರು ತರೋಕೆ ಅವಳಿಗೆ ಬೇಕಾಗಿದ್ದು ಬರೀ 5 ಟಾಕಾ. ಆ 5 ಟಾಕಾ ಅವಳ ಹತ್ರ ಇರ್ಲಿಲ್ಲ, ವ್ಯಾಪಾರಿ ಕೊಡ್ತಿದ್ದ, ಆದ್ರೆ ಸಂಜೆ ಸ್ಟೂಲ್ ಅವನಿಗೇ ಮಾರಬೇಕು, ಅದೂ ಅವನು ಹೇಳಿದ ರೇಟಿಗೆ. ದಿನವಿಡೀ ಬೆನ್ನು ಬಗ್ಗಿಸಿ ದುಡಿದ್ರೆ ಕೈಗೆ ಉಳೀತಿದ್ದಿದ್ದು 50 ಪೈಸೆ. ಅದೇ ಹಳ್ಳಿಯಲ್ಲಿ ಇಂಥೋರು ಎಷ್ಟು ಜನ ಅಂತ ಪಟ್ಟಿ ಮಾಡಿಸಿದ್ರೆ 42 ಜನ ಸಿಕ್ಕರು, ಎಲ್ಲರಿಗೂ ಸೇರಿ ಬೇಕಾಗಿದ್ದ ದುಡ್ಡು 856 ಟಾಕಾ, ಅಂದ್ರೆ ಆಗಿನ ಲೆಕ್ಕದಲ್ಲಿ ಹತ್ರತ್ರ 27 ಡಾಲರ್. ಯೂನುಸ್ ಅದನ್ನ ತಮ್ಮ ಜೇಬಿಂದ ಕೊಟ್ರು. ಅದೇ ಬೆಳೀತಾ ಬೆಳೀತಾ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯ್ತು, 2006ರಲ್ಲಿ ಬ್ಯಾಂಕಿಗೂ ಯೂನುಸ್‌ಗೂ ಸೇರಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಈ ಕಥೆ ನನಗೆ ಯಾಕೆ ಮುಖ್ಯ ಅಂದ್ರೆ, ಆ ಹೆಂಗಸಿಗೆ ಕೆಲಸ ಗೊತ್ತಿತ್ತು, ಗಿರಾಕಿ ಇದ್ದರು, ಕೈಯಲ್ಲಿ ಕಸುಬು ಇತ್ತು. ಇಲ್ಲದೇ ಇದ್ದಿದ್ದು ಆ 5 ಟಾಕಾ ಒಂದೇ. ಸಾಲ ಅವಳಿಗೆ ಬಿಸಿನೆಸ್ ಹುಟ್ಟಿಸಿಕೊಡ್ಲಿಲ್ಲ, ಇದ್ದ ಬಿಸಿನೆಸ್ಸನ್ನ ಬೇರೆಯವರ ಮುಷ್ಟಿಯಿಂದ ಬಿಡಿಸ್ತು. ಮುಂದಿನ ಉತ್ತರಗಳಲ್ಲಿ ಇದು ಮತ್ತೆ ಮತ್ತೆ ಬರುತ್ತೆ.

ಆದ್ರೆ ಬಾಂಗ್ಲಾದೇಶ ಒಂದೇ ಅಲ್ಲ. ಅದಕ್ಕೂ ಮುಂಚೆ, 1974ರಲ್ಲಿ, ಅಹಮದಾಬಾದ್‌ನಲ್ಲಿ ಇಳಾ ಭಟ್ ಅವರ ‘ಸೇವಾ’ (SEWA) ಅನ್ನೋ ದುಡಿಯೋ ಹೆಂಗಸರ ಸಂಘಟನೆಯ 4,000 ಹೆಂಗಸರು ತಲಾ 10 ರೂಪಾಯಿ ಷೇರು ಹಾಕಿ ತಮ್ಮದೇ ಬ್ಯಾಂಕ್ ಕಟ್ಟಿದ್ರು. ತಲೆಹೊರೆ ಹೊರೋರು, ಹಳೇ ಬಟ್ಟೆ ಮಾರೋರು, ಬೀಡಿ ಕಟ್ಟೋರು ಅವರೆಲ್ಲ. ಇದನ್ನ ಯಾರೂ ಅಷ್ಟಾಗಿ ಹೇಳಲ್ಲ, ನನಗೆ ಬೇಜಾರು ಅದೇ, ಯಾಕಂದ್ರೆ ಅಲ್ಲಿ ಹೆಂಗಸರು ಬರೀ ಸಾಲಗಾರರಲ್ಲ, ಮಾಲೀಕರು.

ಹೆಂಗಸರಿಗೇ ಯಾಕೆ ಕೊಡ್ತಾರೆ?

ಎರಡು ಕಾರಣ, ಎರಡನ್ನೂ ಹೇಳ್ಬೇಕು. ಒಂದು, ಹೆಂಗಸಿನ ಕೈಗೆ ಬಂದ ದುಡ್ಡು ಮಕ್ಕಳ ಊಟಕ್ಕೆ, ಓದಿಗೆ, ಮನೆ ಸೂರಿಗೆ ಹೆಚ್ಚಾಗಿ ಹೋಗುತ್ತೆ ಅಂತ ಯೂನುಸ್ ಮೊದಲಿಂದ ಹೇಳ್ತಾ ಬಂದ್ರು, ಗ್ರಾಮೀಣ ಬ್ಯಾಂಕ್‌ನ ಸಾಲಗಾರರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಹೆಂಗಸರೇ. ಎರಡನೇದು ಅಷ್ಟು ಚಂದದ ಕಾರಣ ಅಲ್ಲ, ಹೆಂಗಸರು ಕಂತು ಕಟ್ಟೋ ಮೀಟಿಂಗ್‌ಗೆ ತಪ್ಪದೆ ಬರ್ತಾರೆ, ಊರು ಬಿಟ್ಟು ಹೋಗಲ್ಲ, ಮಾನಕ್ಕೆ ಅಂಜ್ತಾರೆ, ಹಂಗಾಗಿ ವಸೂಲಿ ಸಲೀಸು. ಎರಡನೇ ಕಾರಣಕ್ಕೆ ಮಾತ್ರ ಸಾಲ ಕೊಡೋ ಕಂಪನಿ ಮುಂದೆ ಅದೇ ಮಾನವನ್ನ ಹಿಡ್ಕೊಂಡು ಹಿಂಡುತ್ತೆ.

ಅಡಮಾನ ಇಲ್ಲ ಅಂದ್ಮೇಲೆ ದುಡ್ಡು ವಾಪಸ್ ಬರೋದು ಹೇಗೆ?

ಗುಂಪಿನಿಂದ. ಗ್ರಾಮೀಣ ಬ್ಯಾಂಕ್‌ನ ಹಳೇ ಪದ್ಧತಿಯಲ್ಲಿ ಐದು ಜನರ ಗುಂಪು, ಮೊದಲು ಇಬ್ಬರಿಗೆ ಸಾಲ, ಅವರು ಕೆಲವು ವಾರ ಸರಿಯಾಗಿ ಕಟ್ಟಿದ್ರೆ ಇನ್ನಿಬ್ಬರಿಗೆ, ಕೊನೆಗೆ ಗುಂಪಿನ ಮುಖ್ಯಸ್ಥೆಗೆ. ಪಕ್ಕದವಳು ಕಟ್ಟದಿದ್ರೆ ನನ್ನ ಸರದಿ ನಿಲ್ಲುತ್ತೆ, ಅದಕ್ಕೇ ಗುಂಪಿಗೆ ಸೇರಿಸ್ಕೊಳ್ಳುವಾಗಲೇ ಹೆಂಗಸರು ಯಾರು ಎಂಥೋರು ಅಂತ ಅಳೆದು ತೂಗಿ ಸೇರಿಸ್ಕೋತಾರೆ, ಆ ಮಾಹಿತಿ ಯಾವ ಬ್ಯಾಂಕ್ ಮ್ಯಾನೇಜರ್‌ಗೂ ಸಿಗಲ್ಲ.

ಆದ್ರೆ ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನು ಆಗೋದು ಅನಿವಾರ್ಯವಾ ಅಂದ್ರೆ, ಅಲ್ಲ. ಫಿಲಿಪೀನ್ಸ್‌ನಲ್ಲಿ ಒಂದು ಬ್ಯಾಂಕ್ ಮೀಟಿಂಗ್‌ಗಳನ್ನ ಹಂಗೇ ಇಟ್ಟು ಗುಂಪಿನ ಜಾಮೀನು ಮಾತ್ರ ತೆಗೆದು ನೋಡ್ತು, ಮರುಪಾವತಿ ಕಮ್ಮಿ ಆಗ್ಲಿಲ್ಲ. ಮುಂದೆ ಸಾಲ ಸಿಗ್ಬೇಕು ಅನ್ನೋ ಆಸೆಯೇ ದೊಡ್ಡ ಜಾಮೀನು ಅಂತ ಅದರಿಂದ ನನಗೆ ಅನ್ಸುತ್ತೆ.

ಈ ದುಡ್ಡಲ್ಲಿ ಎಂಥ ಬಿಸಿನೆಸ್ ಮಾಡ್ತಾರೆ?

ಹೊಲಿಗೆ ಮಷೀನು, ಕೋಳಿ, ಮೇಕೆ, ತರಕಾರಿ ಗಾಡಿ, ಹಳೇ ಬಟ್ಟೆ, ಬುಟ್ಟಿ ಹೆಣೆಯೋದು, ಮನೆ ಮುಂದಿನ ಸಣ್ಣ ಅಂಗಡಿ. ಬಂಡವಾಳ ಬೇಗ ತಿರುಗೋ ಕೆಲಸಗಳೇ ಹೆಚ್ಚು, ಬೆಳಿಗ್ಗೆ ಹಾಕಿದ್ದು ಸಂಜೆಗೆ ಬರ್ಬೇಕು, ಯಾಕಂದ್ರೆ ಮುಂದಿನ ವಾರ ಕಂತು ಇದೆ. ಬಾಂಗ್ಲಾದೇಶದಲ್ಲಿ 1997ರಿಂದ ಗ್ರಾಮೀಣ ಬ್ಯಾಂಕ್ ಸಾಲದಲ್ಲಿ ಹೆಂಗಸರು ಒಂದು ಮೊಬೈಲ್ ಫೋನ್ ತಗೊಂಡು ಊರಿನೋರಿಗೆ ನಿಮಿಷದ ಲೆಕ್ಕದಲ್ಲಿ ಮಾತಾಡೋಕೆ ಕೊಡ್ತಿದ್ರು, ‘ಫೋನ್ ಲೇಡಿ’ ಅಂತ ಹೆಸರೇ ಬಿತ್ತು, ಊರಿಗೆಲ್ಲ ಒಂದೇ ಫೋನ್ ಇದ್ದಾಗ ಒಳ್ಳೆ ಸಂಪಾದನೆ. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು, ಆ ವ್ಯಾಪಾರ ಸೊರಗಿ ಹೋಯ್ತು. ಒಂದೇ ಬೀದಿಯಲ್ಲಿ ಗುಂಪಿನ ಎಂಟು ಜನ ಒಂದೇ ಥರದ ಅಂಗಡಿ ಇಟ್ರೂ ಹಿಂಗೇ ಆಗುತ್ತೆ, ಗಿರಾಕಿಗಳು ಅಷ್ಟೇ ಇರ್ತಾರೆ, ಅವರೇ ಹಂಚಿ ಹೋಗ್ತಾರೆ.

ಬಡ್ಡಿ ತುಂಬಾ ಜಾಸ್ತಿ ಅಂತಾರಲ್ಲ?

ಹೌದು, ಬ್ಯಾಂಕಿಗಿಂತ ಜಾಸ್ತಿ, ಮತ್ತೆ ಹೇಳೋ ರೇಟಿಗಿಂತಲೂ ಜಾಸ್ತಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

10,000 ಸಾಲ, ಫ್ಲಾಟ್ ರೇಟ್ 12 ಪರ್ಸೆಂಟ್, ಹನ್ನೆರಡು ತಿಂಗಳು ಅಂದ್ಕೊಳ್ಳಿ. ಬಡ್ಡಿ 1,200, ಒಟ್ಟು 11,200, ತಿಂಗಳಿಗೆ 933 ಚಿಲ್ಲರೆ. ಕೇಳೋಕೆ ಸರಿಯಾಗೇ ಇದೆ ಅನ್ಸುತ್ತೆ. ಆದ್ರೆ ಆರು ತಿಂಗಳಾದ್ಮೇಲೆ ಅರ್ಧ ಅಸಲು ವಾಪಸ್ ಕಟ್ಟಾಗಿದೆ, ಅವಳ ಹತ್ರ ಇರೋದು 5,000, ಬಡ್ಡಿ ಮಾತ್ರ ಇನ್ನೂ ಪೂರ್ತಿ 10,000ಕ್ಕೇ ಹಾಕ್ತಿದಾರೆ. ಉಳಿದ ಅಸಲಿಗೆ ಮಾತ್ರ 12 ಪರ್ಸೆಂಟ್ ಹಾಕಿದ್ರೆ ವರ್ಷಕ್ಕೆ ಬಡ್ಡಿ ಸುಮಾರು 660 ಅಷ್ಟೇ. ಅಂದ್ರೆ ಫ್ಲಾಟ್ 12 ಅನ್ನೋದು ನಿಜದಲ್ಲಿ ಇಪ್ಪತ್ತೊಂದೂವರೆ ಹತ್ರ. ಇದರ ಮೇಲೆ ಪ್ರೊಸೆಸಿಂಗ್ ಫೀಸ್ ಅಂತ 200 ಮೊದಲೇ ಹಿಡ್ಕೊಂಡು 9,800 ಕೈಗೆ ಕೊಟ್ರೆ 25 ದಾಟುತ್ತೆ.

ಅದಕ್ಕೇ ನಾನು ಯಾರಿಗೇ ಆಗ್ಲಿ ಹೇಳೋದು, ಪರ್ಸೆಂಟ್ ಕೇಳ್ಬೇಡಿ, ‘ನನ್ನ ಕೈಗೆ ಎಷ್ಟು ಬರುತ್ತೆ, ನಾನು ಒಟ್ಟು ಎಷ್ಟು ಕಟ್ತೀನಿ’ ಅಂತ ಕೇಳಿ.

ವಾರ ವಾರ ಬಂದು ವಸೂಲಿ ಮಾಡೋ ಖರ್ಚು ನಿಜವಾಗ್ಲೂ ಇದೆ, ಅದನ್ನ ಅಲ್ಲಗಳೆಯಲ್ಲ. ಆದ್ರೆ ಖರ್ಚಿಗೆ ತಕ್ಕ ಬಡ್ಡಿ ಬೇರೆ, ಲಾಭದ ಆಸೆ ಬೇರೆ. ಮೆಕ್ಸಿಕೋದ ಕಂಪಾರ್ಟಾಮೋಸ್ ಅನ್ನೋ ಬ್ಯಾಂಕ್ 2007ರಲ್ಲಿ ಷೇರು ಮಾರುಕಟ್ಟೆಗೆ ಹೋದಾಗ ಹೂಡಿಕೆದಾರರಿಗೆ ಭಾರಿ ಲಾಭ ಬಂತು, ಬಡ ಹೆಂಗಸರಿಂದ ಅಷ್ಟು ಬಡ್ಡಿ ತಗೊಂಡು ಮಾಡಿದ ಲಾಭ ಇದು ಅಂತ ಯೂನುಸ್ ಅವರೇ ಬಹಿರಂಗವಾಗಿ ವಿರೋಧಿಸಿದ್ರು. ನಾನೂ ಆ ಕಡೆಗೇ.

ಇದರಿಂದ ನಿಜವಾಗ್ಲೂ ಬಡತನ ಹೋಗುತ್ತಾ?

ಎಲ್ಲರಿಗೂ ಹೋಗಲ್ಲ. ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೋ, ಮಂಗೋಲಿಯಾ, ಮೊರಾಕೋ ಈ ಆರು ದೇಶಗಳಲ್ಲಿ ಮಾಡಿದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟ ಆದ್ವು, ಸಾಲ ಸಿಕ್ಕ ಊರನ್ನೋ ಜನರನ್ನೋ ಸಿಗದವರ ಜೊತೆ ಹೋಲಿಸಿ ನೋಡಿದ್ರು. ಬಂದ ಉತ್ತರ, ಒಂದಷ್ಟು ಅನುಕೂಲ ಇದೆ, ಬಿಸಿನೆಸ್‌ಗೆ ಹಾಕೋ ದುಡ್ಡು ಹೆಚ್ಚಾಗುತ್ತೆ, ಆದ್ರೆ ಸರಾಸರಿ ಮನೆಯ ಆದಾಯ ಎದ್ದು ಕಾಣೋ ಹಂಗೆ ಏರಲ್ಲ.

ಆ ಆರರಲ್ಲಿ ಭಾರತದ್ದು ಹೈದರಾಬಾದ್‌ನ ಅಧ್ಯಯನ, ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತೆ ಸಂಗಡಿಗರು 104 ಬಡಾವಣೆಗಳಲ್ಲಿ ಮಾಡಿದ್ದು. ಅಲ್ಲಿ ಹೆಚ್ಚು ಲಾಭ ಕಂಡಿದ್ದು ಸಾಲ ಬರೋಕೆ ಮುಂಚೆಯೇ ವ್ಯಾಪಾರ ಮಾಡ್ತಿದ್ದವರಿಗೆ. ಸಾಲ ಸಿಗುತ್ತಲ್ಲ ಏನಾದ್ರೂ ಶುರು ಮಾಡೋಣ ಅಂತ ಇಳಿದೋರ ಅಂಗಡಿ ಸಣ್ಣದಾಗೇ ಉಳೀತು. ಸ್ಟೂಲ್ ಹೆಣೀತಿದ್ದ ಹೆಂಗಸಿನ ಕಥೆಯಲ್ಲಿ ಇದ್ದಿದ್ದೂ ಇದೇ ಅಲ್ವಾ, ಕಸುಬು ಮೊದಲು, ಸಾಲ ಆಮೇಲೆ.

ಇದನ್ನ ಕೇಳಿ ಕೆಲವರು, ಹಂಗಾದ್ರೆ ಮೈಕ್ರೋಲೋನ್ ದಂಡ ಅಂತಾರೆ. ನಾನು ಒಪ್ಪಲ್ಲ. ಸರಾಸರಿ ಏರಿಲ್ಲ ಅಂದ್ರೆ ಯಾರಿಗೂ ಏರಿಲ್ಲ ಅಂತ ಅರ್ಥ ಅಲ್ಲ, ಮತ್ತೆ ಮಳೆಗಾಲದಲ್ಲಿ ವ್ಯಾಪಾರ ನಿಂತಾಗ, ಮಗುಗೆ ಜ್ವರ ಬಂದಾಗ ಮೇಕೆ ಮಾರದೆ ದಾಟೋಕೆ ಆಯ್ತು ಅನ್ನೋದು ಆದಾಯದ ಕಾಲಮ್ಮಲ್ಲಿ ಕಾಣಲ್ಲ.

ಸಾಲ ಹೆಂಡತಿ ಹೆಸರಲ್ಲಿ, ದುಡ್ಡು ಗಂಡನ ಕೈಯಲ್ಲಿ. ಇದು ನಿಜವಾ?

ಬಹಳ ಕಡೆ ನಿಜ. ಭಾರತ, ಶ್ರೀಲಂಕಾ, ಘಾನಾದ ಹಳೇ ಅಧ್ಯಯನಗಳಲ್ಲಿ ಹೆಂಗಸರ ಬಿಸಿನೆಸ್‌ಗೆ ಹಾಕಿದ ದುಡ್ಡು ಬೆಳೆಯಲ್ಲ, ಗಂಡಸರದ್ದು ಬೆಳೆಯುತ್ತೆ ಅಂತ ಬಂದಿತ್ತು, ನೋಡಿ ಹೆಂಗಸರಿಗೆ ವ್ಯಾಪಾರ ಬರಲ್ಲ ಅಂತ ಕೆಲವರು ಹೇಳಿಯೂ ಬಿಟ್ರು. ಆಮೇಲೆ ಅದೇ ಲೆಕ್ಕಗಳನ್ನ ಮತ್ತೆ ಬಿಡಿಸಿ ನೋಡಿದಾಗ ತಿಳಿದಿದ್ದು, ಅವಳ ದುಡ್ಡು ಗಂಡನ ಬಿಸಿನೆಸ್‌ಗೆ ಹೋಗಿತ್ತು, ಬೆಳೆದಿದ್ದು ಅಲ್ಲಿ. ಮನೆಯಲ್ಲಿ ಅವಳೊಬ್ಬಳದೇ ಬಿಸಿನೆಸ್ ಇದ್ದಾಗ ಅವಳ ಲಾಭ ಗಂಡಸರ ಲಾಭಕ್ಕೆ ಏನೂ ಕಮ್ಮಿ ಇರ್ಲಿಲ್ಲ.

ಇದಕ್ಕೆ ಒಂದು ಸರಳ ಪರಿಹಾರ ಉಗಾಂಡಾದಲ್ಲಿ ಸಿಕ್ತು. ಬಾಂಗ್ಲಾದೇಶ ಮೂಲದ ಬ್ರ್ಯಾಕ್ ಅನ್ನೋ ಸ್ವಯಂಸೇವಾ ಸಂಸ್ಥೆ ಸಾಲವನ್ನ ನಗದಾಗಿ ಕೈಗೆ ಕೊಡೋ ಬದಲು ಕೆಲವು ಹೆಂಗಸರಿಗೆ ಅವರದೇ ಮೊಬೈಲ್ ಮನಿ ಖಾತೆಗೆ, ಅಂದ್ರೆ ಫೋನಲ್ಲೇ ದುಡ್ಡು ಇಡೋ ಖಾತೆಗೆ, ಹಾಕ್ತು. ಸಾಲ ಅಷ್ಟೇ, ಬಡ್ಡಿ ಅಷ್ಟೇ. ಎಂಟು ತಿಂಗಳ ನಂತರ ಖಾತೆಗೆ ತಗೊಂಡೋರ ಲಾಭ ಸುಮಾರು 15 ಪರ್ಸೆಂಟ್ ಜಾಸ್ತಿ ಇತ್ತು. ನೋಟಿನ ಕಟ್ಟು ಹಿಡ್ಕೊಂಡು ಮನೆ ಬಾಗಿಲಿಗೆ ಬಂದ್ರೆ ಹತ್ತು ಕೈ ಚಾಚ್ತವೆ, ಖಾತೆಯಲ್ಲಿದ್ರೆ ಅವಳು ಬೇಕಾದಾಗ ಬೇಕಾದಷ್ಟು ತೆಗೀಬಹುದು.

ವಾರದ ಕಂತು ಮುಂದಿನ ವಾರದಿಂದಲೇ ಶುರು, ಇದು ಸರಿನಾ?

ಕಂಪನಿಗೆ ಸರಿ, ಬಿಸಿನೆಸ್‌ಗೆ ಸರಿ ಅಲ್ಲ. ಹೊಲಿಗೆ ಮಷೀನ್ ತಂದು ಗಿರಾಕಿ ಹಿಡಿಯೋಕೆ ತಿಂಗಳಾದ್ರೂ ಬೇಕು, ಮೇಕೆ ಮರಿ ಹಾಕೋಕೆ ಐದು ತಿಂಗಳು. ಮೊದಲ ಕಂತು ಏಳನೇ ದಿನಕ್ಕೆ ಅಂದ್ರೆ ಅವಳು ತಗೊಂಡ ಸಾಲದಲ್ಲೇ ಒಂದು ಪಾಲು ಎತ್ತಿಟ್ಟು ಅದನ್ನೇ ಕಂತು ಕಟ್ತಾಳೆ. ನಾನೇ ಒಂದು ಮೀಟಿಂಗ್‌ನಲ್ಲಿ ನೋಡಿದ್ದು, ಹೋದ ವಾರ ಕೊಟ್ಟ ನೋಟುಗಳೇ, ಅದೇ ರಬ್ಬರ್ ಬ್ಯಾಂಡ್ ಹಾಕಿದ್ದು ಹಂಗೇ ಇತ್ತು, ಅವಳು ಅದರಿಂದ ಎಣಿಸಿ ಮೊದಲ ಕಂತು ಕೊಟ್ಟಳು, ಉಳಿದಿದ್ದನ್ನ ಮತ್ತೆ ಅದೇ ಬ್ಯಾಂಡ್ ಸುತ್ತಿ ಸೆರಗಿಗೆ ಕಟ್ಕೊಂಡಳು.

ಕೋಲ್ಕತ್ತಾದಲ್ಲಿ ಒಂದು ಪ್ರಯೋಗ ಮಾಡಿದ್ರು, ಕೆಲವರಿಗೆ ಮೊದಲ ಕಂತಿಗೆ ಎರಡು ವಾರದ ಬದಲು ಎರಡು ತಿಂಗಳು ಟೈಮ್ ಕೊಟ್ರು. ಟೈಮ್ ಸಿಕ್ಕೋರು ಬಿಸಿನೆಸ್‌ಗೆ ಹೆಚ್ಚು ಹಾಕಿದ್ರು, ಮೂರು ವರ್ಷದ ನಂತರ ಅವರ ಲಾಭವೂ ಹೆಚ್ಚಿತ್ತು. ಆದ್ರೆ ಬಾಕಿ ಉಳಿಸ್ಕೊಂಡೋರೂ ಅವರಲ್ಲೇ ಜಾಸ್ತಿ. ಹಂಗಾಗಿ ಕಂಪನಿಗಳು ಇದಕ್ಕೆ ಹಿಂಜರೀತವೆ. ಆ ರಿಸ್ಕನ್ನ ಹೊರೋ ಮನಸ್ಸು ಇರೋ ಸಂಸ್ಥೆಯೇ ಬಿಸಿನೆಸ್ ಬೆಳೆಸೋ ಸಂಸ್ಥೆ ಅನ್ನೋದು ನನ್ನ ಅಭಿಪ್ರಾಯ.

ಕಟ್ಟೋಕೆ ಆಗದಿದ್ರೆ ಏನಾಗುತ್ತೆ?

ಒಳ್ಳೆ ಸಂಸ್ಥೆ ಆದ್ರೆ ಕಂತು ಚಿಕ್ಕದು ಮಾಡಿ ಅವಧಿ ಉದ್ದ ಮಾಡುತ್ತೆ. ಕೆಟ್ಟದಾದ್ರೆ ಗುಂಪಿನೋರನ್ನ ಅವಳ ಮನೆ ಮುಂದೆ ಕೂರಿಸುತ್ತೆ. ಅವಳು ಆಗ ಇನ್ನೊಂದು ಕಂಪನಿಯಲ್ಲಿ ಸಾಲ ತಗೊಂಡು ಇದನ್ನ ತೀರಿಸ್ತಾಳೆ, ಅದನ್ನ ತೀರಿಸೋಕೆ ಮೂರನೇದು, ಆಮೇಲೆ ಬಿಸಿನೆಸ್ ಎಲ್ಲಿದೆ ಅಂತ ಹುಡುಕಬೇಕು. 2010ರಲ್ಲಿ ಆಂಧ್ರಪ್ರದೇಶದಲ್ಲಿ ಆಗಿದ್ದು ಇದೇ, ಒಂದೇ ಮನೆಗೆ ನಾಲ್ಕೈದು ಸಾಲ, ವಸೂಲಿ ಒತ್ತಡ, ಆತ್ಮಹತ್ಯೆಗಳ ಸುದ್ದಿ, ಅಕ್ಟೋಬರ್‌ನಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು, ಜನ ಕಟ್ಟೋದನ್ನೇ ನಿಲ್ಲಿಸಿದ್ರು, ಕಂಪನಿಗಳು ಕುಸಿದವು. ಆಮೇಲೆ ಭಾರತದಲ್ಲಿ ನಿಯಮ ಬಿಗಿ ಆಯ್ತು, ರಿಸರ್ವ್ ಬ್ಯಾಂಕ್‌ನ 2022ರ ನಿಯಮದ ಪ್ರಕಾರ ಒಂದು ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು, ಮೈಕ್ರೋಲೋನ್‌ಗೆ ಅಡಮಾನ ಕೇಳಬಾರದು, ಮುಂಚೆಯೇ ತೀರಿಸಿದ್ರೆ ದಂಡ ಹಾಕಬಾರದು.

ಸಾಲವೇ ಬೇಡ, ನಮ್ಮ ಉಳಿತಾಯದಲ್ಲೇ ಮಾಡೋಕಾಗಲ್ವಾ?

ಆಗುತ್ತೆ, ಮತ್ತೆ ನನಗೆ ತುಂಬಾ ಇಷ್ಟವಾದ ಪದ್ಧತಿ ಇದು. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಅನ್ನೋ ಅಂತರರಾಷ್ಟ್ರೀಯ ನೆರವು ಸಂಸ್ಥೆಯ ಸಹಾಯದಿಂದ ಶುರುವಾಯ್ತು, ಈಗ ಆಫ್ರಿಕಾ ತುಂಬಾ ಹಬ್ಬಿದೆ. ಹದಿನೈದರಿಂದ ಇಪ್ಪತ್ತೈದು ಹೆಂಗಸರು, ಒಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಮೂರು ಬೀಗ, ಮೂರು ಕೀಲಿ ಮೂರು ಬೇರೆ ಬೇರೆ ಹೆಂಗಸರ ಹತ್ರ, ಪೆಟ್ಟಿಗೆ ನಾಲ್ಕನೆಯವಳ ಮನೆಯಲ್ಲಿ. ಎಲ್ಲರೂ ಕೂತ ಮೇಲೇ ಪೆಟ್ಟಿಗೆ ತೆಗೆಯೋದು, ಎಲ್ಲರ ಕಣ್ಣೆದುರೇ ಎಣಿಸೋದು. ಉಳಿತಾಯ ಹಾಕ್ತಾರೆ, ಅದರಿಂದಲೇ ಒಬ್ಬರಿಗೊಬ್ಬರು ಸಾಲ ಕೊಡ್ತಾರೆ, ಬಡ್ಡಿ ಹೊರಗೆ ಹೋಗಲ್ಲ, ವರ್ಷದ ಕೊನೆಗೆ ಅವರಿಗೇ ಹಂಚಿಕೆ ಆಗುತ್ತೆ. ಭಾರತದ ಸ್ವಸಹಾಯ ಸಂಘಗಳೂ ಉಳಿತಾಯದಿಂದಲೇ ಶುರು, 1992ರಲ್ಲಿ ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 500 ಸಂಘಗಳನ್ನ ಬ್ಯಾಂಕಿಗೆ ಜೋಡಿಸೋ ಯೋಜನೆ ಶುರು ಮಾಡಿದ ಮೇಲೆ ಬ್ಯಾಂಕ್ ಸಾಲವೂ ಸಿಗೋ ಹಂಗಾಯ್ತು. ಒಂದೇ ತೊಂದರೆ, ಪೆಟ್ಟಿಗೆಯಲ್ಲಿ ಇದ್ದಷ್ಟೇ ಸಾಲ, ಬಿತ್ತನೆ ಟೈಮ್‌ನಲ್ಲಿ ಎಲ್ಲರಿಗೂ ಒಟ್ಟಿಗೇ ದುಡ್ಡು ಬೇಕು ಅಂದ್ರೆ ಸಾಕಾಗಲ್ಲ.

ಏನೂ ಇಲ್ಲದ ಕಡುಬಡವರಿಗೂ ಇದು ಸರಿಹೋಗುತ್ತಾ?

ಇಲ್ಲ. ಎರಡು ಹೊತ್ತು ಊಟಕ್ಕಿಲ್ಲದೋರಿಗೆ ಸಾಲ ಕೊಟ್ರೆ ಅದು ಹೊಟ್ಟೆಗೆ ಹೋಗುತ್ತೆ, ಹೋಗ್ಲೇಬೇಕು. ಬ್ರ್ಯಾಕ್ ಇದನ್ನ ಅರ್ಥ ಮಾಡ್ಕೊಂಡು 2002ರಲ್ಲಿ ಬಾಂಗ್ಲಾದೇಶದಲ್ಲಿ ಬೇರೆ ದಾರಿ ಹಿಡೀತು, ಹಸುವೋ ಮೇಕೆಯೋ ಉಚಿತವಾಗಿ ಕೊಡೋದು, ಕೆಲವು ತಿಂಗಳು ಖರ್ಚಿಗೆ ಕೊಡೋದು, ತರಬೇತಿ, ಮನೆಗೇ ಬಂದು ನೋಡೋದು, ಸುಮಾರು ಎರಡು ವರ್ಷ. ಸಾಲದ ಮಾತು ಆಮೇಲೆ.

ಮೊಬೈಲ್ ಬಂದ ಮೇಲೆ ಏನು ಬದಲಾಗಿದೆ?

ಕೀನ್ಯಾದಲ್ಲಿ ಎಂ-ಪೇಸಾ ಅನ್ನೋ ಮೊಬೈಲ್ ಮನಿ ಸೇವೆ 2007ರಲ್ಲಿ ಬಂತು, ಅದರ ಮೊದಲ ಟ್ರಯಲ್ ಮೈಕ್ರೋಲೋನ್ ಕಂತು ಕಟ್ಟೋಕೇ ಆಗಿತ್ತು. 2016ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು, ಅದರಿಂದ ಸುಮಾರು 1,85,000 ಹೆಂಗಸರು ಹೊಟ್ಟೆಪಾಡಿನ ಬೇಸಾಯ ಬಿಟ್ಟು ವ್ಯಾಪಾರಕ್ಕೆ ಬಂದ್ರು. ಗಮನಿಸಿ, ಇದು ಸಾಲದಿಂದ ಅಲ್ಲ, ದುಡ್ಡನ್ನ ತನ್ನದೇ ಅಂತ ಇಟ್ಕೊಳ್ಳೋಕೆ, ಕಳಿಸೋಕೆ ದಾರಿ ಆಗಿದ್ದರಿಂದ. ಆದ್ರೆ ಒಂದು ಬಟನ್ ಒತ್ತಿದ್ರೆ ಸಾಲ ಕೊಡೋ ಆ್ಯಪ್‌ಗಳ ಬಗ್ಗೆ ನನಗೆ ಭಯ ಇದೆ, ಅಲ್ಲಿ ಗುಂಪೂ ಇಲ್ಲ, ನಿನ್ನ ವ್ಯಾಪಾರ ಏನು ಅಂತ ಕೇಳೋರೂ ಇಲ್ಲ.

ದೂರದಲ್ಲಿರೋ ನಾವು ಸಾಲ ಕೊಡಬಹುದಾ?

ಕೊಡಬಹುದು. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಕೀವಾ ಅನ್ನೋ ವೆಬ್‌ಸೈಟ್ ಮೂಲಕ ಚಿಕ್ಕ ಮೊತ್ತವನ್ನೂ ಕೊಡಬಹುದು, ಕೊಟ್ಟವರಿಗೆ ಬಡ್ಡಿ ಬರಲ್ಲ, ಅಸಲು ಬರುತ್ತೆ, ಅದೂ ಗ್ಯಾರಂಟಿ ಅಲ್ಲ. ನಿಮಗೆ ಬಡ್ಡಿ ಇಲ್ಲ ಅಂದ್ರೆ ಅವಳಿಗೂ ಇಲ್ಲ ಅಂದ್ಕೋಬೇಡಿ, ಅಲ್ಲಿನ ಸ್ಥಳೀಯ ಸಂಸ್ಥೆ ಸಾಮಾನ್ಯವಾಗಿ ಬಡ್ಡಿ ತಗೊಳ್ಳುತ್ತೆ, ಆ ಸಂಸ್ಥೆಯ ವಿವರ ಓದಿ ಕೊಡಿ.

ಮೊದಲ ಸಲ ಸಾಲ ತಗೊಳ್ಳೋಳು ಏನು ನೋಡ್ಕೋಬೇಕು?

ಈಗ ಮಾಡ್ತಿರೋ ಕೆಲಸದಲ್ಲಿ ದುಡ್ಡಿನ ಕೊರತೆಯಿಂದ ಏನು ನಿಂತಿದೆ ಅಂತ ಒಂದು ವಾಕ್ಯದಲ್ಲಿ ಹೇಳೋಕೆ ಬರ್ಬೇಕು, ಸಗಟು ತಂದ್ರೆ ಇಷ್ಟು ಉಳಿಯುತ್ತೆ, ಮಷೀನ್ ಇದ್ರೆ ದಿನಕ್ಕೆ ಇಷ್ಟು ಹೆಚ್ಚು ಹೊಲೀಬಹುದು, ಹಿಂಗೆ. ಆಮೇಲೆ ಒಂದು ತಿಂಗಳು ಸಾಲ ಇಲ್ಲದೇನೇ ಕಂತಿನಷ್ಟು ದುಡ್ಡನ್ನ ವಾರ ವಾರ ಎತ್ತಿಟ್ಟು ನೋಡಿ. ನಾಲ್ಕು ವಾರವೂ ಎತ್ತಿಡೋಕೆ ಆಯ್ತಾ, ಹೋಗಿ ಸಹಿ ಮಾಡಿ, ಎತ್ತಿಟ್ಟ ದುಡ್ಡು ಕೈಯಲ್ಲೇ ಇರುತ್ತೆ, ವ್ಯಾಪಾರ ಡಲ್ ಆದ ವಾರಕ್ಕೆ ಆಗುತ್ತೆ. ಎರಡನೇ ವಾರಕ್ಕೇ ಆಗ್ಲಿಲ್ಲ ಅಂದ್ರೆ ಸಾಲದ ಮೊತ್ತ ಅರ್ಧ ಮಾಡಿ ಮತ್ತೆ ಒಂದು ತಿಂಗಳು ನೋಡಿ.